ಸಮುದ್ರಕ್ಕೆ ತಲೆ ಬಾಚಿದವನು

ಭೂಮಿಯ ಮೇಲೆ ಸಮುದ್ರಕ್ಕೆ ತಲೆ ಬಾಚಿದ ಗಂಡಸು ಒಬ್ಬನೇ ಒಬ್ಬ, ಅವನು ನಮ್ಮ ಬೀದಿಯ ಕ್ಷೌರಿಕ. ಒಂದೇ ಬೆಳಗಿನಲ್ಲಿ, ಒಂದೇ ಬಾಚಣಿಗೆಯಲ್ಲಿ, ಇಡೀ ಸಮುದ್ರದ ಸಿಕ್ಕು ಬಿಡಿಸಿ ಅಲೆಗಳನ್ನು ಸಾಲಾಗಿ ಮಲಗಿಸಿದ. ಒಂದು ಅಲೆಯೂ ಮಿಸುಕಲಿಲ್ಲ. ಕೆಲಸ ಮುಗಿಸಿ ಸಮುದ್ರದ ನಟ್ಟನಡುವಿನ ಬಂಡೆಯ ಮೇಲೆ ನಿಂತಾಗ ಅವನ ಚಪ್ಪಲಿಯ ಅಂಚು ಕೂಡ ಒದ್ದೆಯಾಗಿರಲಿಲ್ಲ. ನಂಬದವರು ನಂಬಬೇಡಿ, ಸಮುದ್ರಕ್ಕೇನೂ ನಷ್ಟವಿಲ್ಲ.

ಕ್ಷೌರಿಕನಿಗೆ ಬೀದಿಯವರು ಇಟ್ಟ ಹೆಸರು ಫಿರಂಗಿ. ಬಾಯಿ ತೆರೆದರೆ ಗುಂಡು. ಅಂಗಡಿಯಲ್ಲಿದ್ದದ್ದು ಎರಡು ಕುರ್ಚಿ, ಬಿರುಕು ಬಿಟ್ಟ ಕನ್ನಡಿ, ಸರದಿ ಕಾಯುವವರಿಗೊಂದು ಬೆಂಚು. ಅವನ ಮಾತು ಕೇಳಿದವರಿಗೆ ಮಾತ್ರ ಅದು ಅರಮನೆ. ಒಂದು ಕೂದಲನ್ನು ಉದ್ದಕ್ಕೆ ಎರಡಾಗಿ ಸೀಳಿದ್ದೇನೆ ಎನ್ನುತ್ತಿದ್ದ. ಬೋಳುತಲೆಯವನೊಬ್ಬ ತನ್ನ ಕತ್ತರಿಯ ಸದ್ದು ಕೇಳಿಯೇ ಗುಂಗುರು ಕೂದಲು ಬೆಳೆಸಿಕೊಂಡ ಎನ್ನುತ್ತಿದ್ದ. ಬೆಂಚಿನವರು ನಗುತ್ತಿದ್ದರು, ಕೂದಲು ಕತ್ತರಿಸಿಕೊಂಡು ಹೋಗುತ್ತಿದ್ದರು. ಆ ಗುಂಡುಗಳಿಂದ ಯಾರಿಗೂ ಗಾಯವಾಗಿರಲಿಲ್ಲ. ಕೊನೆಗೊಂದು ದಿನ ಒಂದು ಗುಂಡು ಹಾರಿದ್ದು ನೇರ ಅವನ ಮನೆಯೊಳಕ್ಕೇ.

ಅವನ ಹೆಂಡತಿ ಕೆಲಸ ಮಾಡುತ್ತಿದ್ದದ್ದು ಬೀದಿಯ ಕೊನೆಯ ಜಪಾನಿ ತೋಟದಲ್ಲಿ. ಬಸ್ಸುಗಳ ಹೊಗೆ ಒಳಗೆ ನುಗ್ಗದಂತೆ ಎತ್ತರದ ಗೋಡೆ ಕಟ್ಟಿದ ಸಾರ್ವಜನಿಕ ತೋಟ. ಕೆಂಪು ಕಮಾನು ಸೇತುವೆ, ಕೊಬ್ಬಿದ ಮೀನುಗಳ ಕೊಳ, ಕಲ್ಲಿನ ದೀಪ, ನೀರು ತುಂಬಿದಾಗ ಬಾಗಿ ಚೆಲ್ಲಿ, ಕಲ್ಲಿಗೆ ಟಕ್ ಎಂದು ಬಡಿದು ಮತ್ತೆ ತಲೆಯೆತ್ತುವ ಬಿದಿರಿನ ಕೊಳವೆ. ಅದರಾಚೆ ನೀರೇ ಇಲ್ಲದ ಸಮುದ್ರ: ಬಿಳಿ ಜಲ್ಲಿ ಹರಡಿದ ಅಂಗಳ, ನಡುವೆ ಒಂದು ಕರಿಬಂಡೆ. ಉದ್ದ ಹಿಡಿಕೆಗೆ ಮರದ ಹಲ್ಲು ಕೂರಿಸಿದ ಹಲುಬೆಯಿಂದ ಜಲ್ಲಿಯ ಮೇಲೆ ಗೆರೆ ಎಳೆದರೆ ಅವೇ ಅಲೆ, ಬಂಡೆಯೇ ದ್ವೀಪ. ಪ್ರತಿದಿನ ಬಾಗಿಲು ತೆರೆಯುವ ಮೊದಲು ಆ ಅಲೆಗಳನ್ನು ಎಳೆಯುತ್ತಿದ್ದವಳು ಅವಳು. ವರ್ಷಗಳಿಂದ ದಿನಗೂಲಿ. ಈಗ ಆ ಅಂಗಳಕ್ಕೆಂದೇ ಒಂದು ಕಾಯಂ ಹುದ್ದೆ ಬಂದಿತ್ತು. ತೋಟದ ನಕ್ಷೆ ಹಾಕಿಕೊಟ್ಟಿದ್ದ ಜಪಾನಿನ ಹಿರಿಯ ತೋಟಗಾರ್ತಿಯೊಬ್ಬರು ನೋಡಲು ಬರುವವರಿದ್ದರು. ಅವರು ಯಾರ ಕೈಯನ್ನು ಒಪ್ಪುತ್ತಾರೋ ಅವರಿಗೇ ಆ ಹುದ್ದೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು. ಯಾರೂ ಒಪ್ಪಿಗೆಯಾಗದಿದ್ದರೆ ಆಯ್ಕೆ ಮೇಲ್ವಿಚಾರಕನದು. ಮೇಲ್ವಿಚಾರಕನಿಗೊಬ್ಬ ಬಾಮೈದ ಇದ್ದ, ಬಾಮೈದನಿಗೆ ಕೆಲಸ ಇರಲಿಲ್ಲ. ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಈ ಮೇಲ್ವಿಚಾರಕನೇ ಒಂದು ಸಂಜೆ ಗಡ್ಡ ಹೆರೆಸಿಕೊಳ್ಳಲು ಬಂದು, ಕತ್ತಿನವರೆಗೆ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ಬೆಂಚಿನ ಮೇಲಿದ್ದ ದರ್ಜಿ ತೋಟದ ಅಲೆಗಳನ್ನು ಹೊಗಳಿದ. ದಾರ ಹಿಡಿದು ಎಳೆದರೂ ಅಷ್ಟು ನೇರ ಬರುವುದಿಲ್ಲ, ಯಾರ ಕೈಯೋ ಏನೋ ಎಂದ. ನನ್ನ ಹೆಂಡತಿಯದು ಎಂದು ಫಿರಂಗಿ ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾಲಿಗೆಗೆ ಎಲುಬಿಲ್ಲವಲ್ಲ.

"ಯಾರದು ಅಂದ್ರೆ? ಗೆರೆ ಎಲ್ಲಾ ನಂದೇ. ನನ್ನ ಹೆಂಡ್ತಿ ಸುಮ್ನೆ ಹಿಡಿಕೆ ಹಿಡ್ಕೊಂಡಿರ್ತಾಳೆ ಅಷ್ಟೆ," ಎಂದ ಫಿರಂಗಿ.

ನೊರೆಯ ನಡುವೆ ಒಂದು ಕಣ್ಣು ತೆರೆಯಿತು. ಮೇಲ್ವಿಚಾರಕ ನಕ್ಕ. ಆ ನಗು ಎಂಥದ್ದೆಂದರೆ, ಹತ್ತು ಊರಿನ ಗಡ್ಡ ಕಂಡ ಕತ್ತಿ ಗಲ್ಲದ ಮೇಲೆ ತಾನಾಗಿ ನಿಂತಿತು.

ಮಾರನೆಯ ದಿನ ಹೆಂಡತಿ ಮನೆಗೆ ಬಂದವಳು ಊಟದ ಡಬ್ಬಿಯನ್ನು ತೊಳೆಯುವ ಜಾಗದಲ್ಲಿ ಕುಕ್ಕಿದಳು. ಮೇಲ್ವಿಚಾರಕನ ಅಪ್ಪಣೆಯಾಗಿತ್ತು: ಅತಿಥಿ ಬರುವ ದಿನ ಗಂಡನೇ ಬಂದು ಅಲೆ ಎಳೆಯಬೇಕಂತೆ. ಅವಳು ದಡದಲ್ಲಿ ನಿಲ್ಲಬೇಕಂತೆ, ತುಟಿ ಎರಡು ಮಾಡಬಾರದಂತೆ. ಕೆಲಸ ಚೆನ್ನಾಗಿ ಬಂದರೆ ಕೈ ಗಂಡನದು, ಅವನಿಗೆ ಅಂಗಡಿ ಇದೆ, ಹುದ್ದೆ ಬೇಡ. ಕೆಟ್ಟರೆ ಗಂಡ ಹೆಂಡತಿ ಇಬ್ಬರೂ ಸುಳ್ಳರು. ಹೇಗೆ ಎಣಿಸಿದರೂ ಹುದ್ದೆ ಹೋಗಿ ಬೀಳುವುದು ಬಾಮೈದನ ತೊಡೆಯ ಮೇಲೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ನಾಳೇನೇ ಹೋಗಿ ನಾನು ಹೇಳಿದ್ದು ಸುಳ್ಳು ಅಂತ ಹೇಳ್ಬಿಡಿ," ಎಂದಳು.

ಅವನು ಅದನ್ನು ಕಣ್ಣ ಮುಂದೆ ತಂದುಕೊಂಡು ನೋಡಿದ. ಆ ಬೆಂಚು, ಆ ದರ್ಜಿ, ಆ ನಗು.

"ಬಾಚೋದು ತಾನೇ? ಹುಟ್ಟಿದಾಗಿಂದ ಬಾಚ್ತಿದೀನಿ. ನೋಡ್ತಿರು, ಆ ಸಮುದ್ರ ಮದುವೆ ಗಂಡಿನ ಹಾಗೆ ಹೊಳೀಬೇಕು."

ಅವಳು, "ಒಂದು ಮಾತು ಕೇಳಿ. ಶುರು ಮಾಡೋವಾಗ..." ಎಂದು ಬಾಯಿ ತೆಗೆದಳು.

"ನಂಗೇ ಹೇಳ್ಕೊಡ್ತೀಯಾ?" ಎಂದ.

ಅವಳು ಡಬ್ಬಿಯ ಮುಚ್ಚಳ ಒತ್ತಿ ಹಾಕಿ ಒಳಗೆ ಹೋದಳು. ಆಮೇಲೆ ಆ ದಿನದವರೆಗೂ ಮನೆಯಲ್ಲಿ ಮಾತನಾಡಿದ್ದು ಪಾತ್ರೆಗಳು ಮಾತ್ರ.

ಆ ದಿನ ಬಂತು. ಕೆಂಪು ಸೇತುವೆಯ ಮೇಲೆ ಬೆಂಚಿನವರೆಲ್ಲ ಹಾಜರ್, ದರ್ಜಿ ಎಲ್ಲರಿಗಿಂತ ಮುಂದೆ. ಅವರನ್ನೆಲ್ಲ ಕರೆದಿದ್ದವನು ಫಿರಂಗಿಯೇ. ಬನ್ನಿ, ಹುಟ್ಟಿದ್ದಕ್ಕೆ ಒಂದು ಸಲವಾದರೂ ಇದನ್ನು ನೋಡಿ ಎಂದು ಮನೆಮನೆಗೆ ಹೇಳಿಬಂದಿದ್ದ. ಮೇಲ್ವಿಚಾರಕ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈ ಹಿಂದೆ ಕಟ್ಟಿ ನಿಂತಿದ್ದ. ಹೆಂಡತಿ ದಡದ ಹಾಸುಗಲ್ಲಿನ ಮೇಲೆ.

ಹಲುಬೆ ಕೈಗೆ ಬಂದಾಗಲೇ ಅವನಿಗೆ ಮೊದಲ ಪೆಟ್ಟು. ಅದು ಬಾಚಣಿಗೆಯಲ್ಲ, ಎತ್ತು. ಎಳೆದರೆ ಜಗ್ಗುತ್ತಿತ್ತು, ಬಿಟ್ಟರೆ ಓಡುತ್ತಿತ್ತು. ಮೊದಲ ಗೆರೆ ಕುಡುಕನ ನಡಿಗೆಯಂತೆ ಹೋಯಿತು. ಸೇತುವೆಯ ಮೇಲೆ ಯಾರೋ ಕೆಮ್ಮಿದರು. ಅಳಿಸಿ ಮತ್ತೆ ಎಳೆದ. ಮೂರನೆಯ ಸಲಕ್ಕೆ ಕೈ ಹದಕ್ಕೆ ಬಂತು. ಎಷ್ಟಾದರೂ ಕೈ ಕ್ಷೌರಿಕನದು, ಒತ್ತಡ ಎಷ್ಟು ಎಂಬುದು ಮಣಿಕಟ್ಟಿಗೆ ಗೊತ್ತು.

ಒಂದು ತಲೆ ಕುರ್ಚಿಗೆ ಬಂದರೆ ಅವನು ಶುರು ಮಾಡುವುದು ಕತ್ತಿನಿಂದ. ಕತ್ತು, ಕಿವಿಯ ಸುತ್ತ, ಅಲ್ಲಿಂದ ಸುತ್ತುತ್ತ ಸುತ್ತುತ್ತ ಮೇಲೇರಿ, ಕೊನೆಗೆ ನೆತ್ತಿಯ ಸುಳಿಯಲ್ಲಿ ಕೈ ನಿಲ್ಲಿಸುವುದು. ಅಪ್ಪ ಹೇಳಿಕೊಟ್ಟ ಕ್ರಮ, ಅಪ್ಪನಿಗೆ ಅವನಪ್ಪ. ಸಮುದ್ರವೂ ಒಂದು ತಲೆಯೇ ಎಂದುಕೊಂಡ. ಅಂಚಿನಿಂದ ಹಿಡಿದು ಸುತ್ತಿನೊಳಗೆ ಸುತ್ತು ಎಳೆಯುತ್ತ, ತನ್ನ ಹೆಜ್ಜೆ ಗುರುತನ್ನು ತನ್ನ ಹಲುಬೆಯಿಂದಲೇ ಅಳಿಸುತ್ತ ಹಿಂದಕ್ಕೆ ಹಿಂದಕ್ಕೆ ನಡೆದ. ಅಲೆಗಳು ಎದ್ದವು. ಎಂಥ ಅಲೆಗಳು! ಕೊಳದ ಮೀನುಗಳು ನೀರಿನಿಂದ ತಲೆಯೆತ್ತಿ, ನಾವು ಇರಬೇಕಾದದ್ದು ಅಲ್ಲಿ ಎಂದು ನಿಟ್ಟುಸಿರು ಬಿಟ್ಟವು.

ದಡದಲ್ಲಿ ಹೆಂಡತಿಗೆ ಏನೋ ಆಗಿತ್ತು. ಮಾತಾಡುವಂತಿಲ್ಲ, ಗದ್ದದಿಂದ ಬಂಡೆಯನ್ನು ತೋರಿಸುತ್ತಿದ್ದಳು, ಆಮೇಲೆ ತನ್ನ ಕಾಲ ಬಳಿಯ ದಡವನ್ನು. ಮತ್ತೆ ಬಂಡೆ, ಮತ್ತೆ ದಡ. ಅವನು ಹುಬ್ಬು ಹಾರಿಸಿದ. ಬರ್ತಾ ಇದೀನಿ ಬರ್ತಾ ಇದೀನಿ, ಬಂಡೆ ಎಲ್ಲಿಗೆ ಓಡಿಹೋಗುತ್ತೆ ಎನ್ನುವ ಹಾಗೆ. ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ತನ್ನ ಕೈಚಳಕ ಕಂಡು ಅವಳಿಗೆ ಅಳು ಬಂದಿದೆ ಎಂದುಕೊಂಡು ಅವನು ಇನ್ನಷ್ಟು ಹುರುಪಿನಿಂದ ಎಳೆದ.

ಕೊನೆಯ ಸುತ್ತು ಬಂಡೆಯನ್ನು ತಬ್ಬಿಕೊಂಡು ಬಂತು. ಹಲುಬೆ ಎತ್ತಿಕೊಂಡು ಬಂಡೆಯ ಮೇಲೆ ಕಾಲಿಟ್ಟು ನಿಂತ. ತಲೆ ಎತ್ತಿ ನೋಡಿದ. ಸುತ್ತ ಎಲ್ಲಿ ನೋಡಿದರೂ ಅಲೆ, ಅಲೆಯಾಚೆ ಅಲೆ, ಒಂದು ಗೆರೆಯೂ ಮುರಿಯದ ಬಿಳಿ ಸಮುದ್ರ. ದಡ ಅಷ್ಟು ದೂರದಲ್ಲಿ.

ಟಕ್ ಎಂದಿತು ಬಿದಿರು.

ಆಗ ಅವನಿಗೆ ಗದ್ದದ ಭಾಷೆ ಅರ್ಥವಾಯಿತು. ಬಂಡೆಯಿಂದ ಶುರು ಮಾಡಿ ದಡಕ್ಕೆ ಬರಬೇಕಿತ್ತು. ತಲೆ ಬಾಚುವವನು ತಲೆಯ ಹೊರಗೆ ನಿಂತಿರುತ್ತಾನೆ, ಸಮುದ್ರ ಬಾಚುವವನು ಅದರೊಳಗೇ ಇರುತ್ತಾನೆ ಎಂಬುದು ಅಪ್ಪನಿಗಾಗಲಿ ಅಜ್ಜನಿಗಾಗಲಿ ಹೊಳೆದಿರಲಿಲ್ಲ. ಈಗ ಒಂದು ಹೆಜ್ಜೆ ಇಟ್ಟರೂ ಸಮುದ್ರದ ಮೇಲೆ ಚಪ್ಪಲಿ ಗುರುತು. ಮೇಲ್ವಿಚಾರಕನ ಮುಖದಲ್ಲಿ ಮತ್ತೆ ಆ ನೊರೆಯೊಳಗಿನ ನಗು ಅರಳಿತು.

ಅದೇ ಹೊತ್ತಿಗೆ ಅತಿಥಿ ಬಂದರು. ಬಿದಿರುಕಡ್ಡಿಯಂತೆ ತೆಳ್ಳಗಿನ, ನೆಟ್ಟಗಿನ ಅಜ್ಜಿ. ಜೊತೆಗೆ ಮಾತು ದಾಟಿಸಲು ದುಭಾಷಿ ಹೆಂಗಸು. ಅಜ್ಜಿ ಅಂಗಳದ ಅಂಚಿಗೆ ಬಂದು ನಿಂತು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಬಂಡೆಯ ಮೇಲಿದ್ದವನ ತಲೆಯಲ್ಲಿ ಅಷ್ಟರಲ್ಲಿ ಅರ್ಧ ಕೂದಲು ಬೆಳ್ಳಗಾಯಿತು. ಆಮೇಲೆ ಮೆಲ್ಲಗೆ ಏನೋ ಕೇಳಿದರು.

"ಬಂಡೆ ಮೇಲಿರೋ ಆ ಮನುಷ್ಯಾನೂ ತೋಟಕ್ಕೆ ಸೇರಿದವರಾ ಅಂತ ಕೇಳ್ತಿದ್ದಾರೆ," ಎಂದಳು ದುಭಾಷಿ.

ಸೇತುವೆಯ ಮೇಲೆ ದರ್ಜಿ ಬಾಯಿ ಮುಚ್ಚಿಕೊಂಡ. ಫಿರಂಗಿ ಬೆನ್ನು ನೆಟ್ಟಗೆ ಮಾಡಿ, ದ್ವೀಪದ ಮೇಲೆ ಒಬ್ಬ ಮನುಷ್ಯ ಇರುವುದು ಹೊಸ ಪದ್ಧತಿ ಎಂದು ಕೂಗಿ ಹೇಳಿದ.

"ಹಂಗಾದ್ರೆ ಅಲ್ಲೇ ಇರ್ತೀಯೇನಯ್ಯಾ? ಬಾ ಈಚೆ, ಮೇಡಂಗೆ ನಮಸ್ಕಾರ ಮಾಡು," ಎಂದ ಮೇಲ್ವಿಚಾರಕ.

ಬಂದರೆ ಅಲೆ ಹೋಯಿತು, ಅಲೆಯೊಂದಿಗೆ ಹುದ್ದೆ. ಬರದಿದ್ದರೆ ಮಾನ ಹೋಯಿತು. ಫಿರಂಗಿ ಅಡಕತ್ತರಿಯೊಳಗಿನ ಅಡಕೆಯಾದ. ಬಾಯೊಳಗೆ ಗುಂಡೇನು, ಎಂಜಲೂ ಉಳಿದಿರಲಿಲ್ಲ. ಒಂದು ಕಾಲು ಎತ್ತಿದ. ಜಲ್ಲಿಯ ಮೇಲೆ ಇಡಲಾರದೆ ಕೊಕ್ಕರೆಯಂತೆ ಹಾಗೇ ನಿಂತ. ಬಿದಿರು ಮತ್ತೆ ಟಕ್ ಎಂದಿತು.

ಆಗ ಹೆಂಡತಿ ದಡದಿಂದ ಇಳಿದಳು. ಮೇಲ್ವಿಚಾರಕ ಏಯ್ ಎಂದದ್ದು ಅವಳ ಕಿವಿಗೆ ಬೀಳಲಿಲ್ಲ, ಬಿದ್ದರೂ ಅವಳು ಹೆಕ್ಕಿಕೊಳ್ಳಲಿಲ್ಲ. ಗಂಡನ ಅಲೆಗಳನ್ನು ಸೀಳಿಕೊಂಡು, ಬರಿಗಾಲಲ್ಲಿ, ನೆಟ್ಟಗೆ ಬಂಡೆಯತ್ತ ನಡೆದಳು. ಸೇತುವೆಯಿಂದ ಅಯ್ಯೋ ಎಂಬ ಉಸಿರು ಬಂತು. ಅವಳು ಬಂಡೆಯ ಬಳಿ ಬಂದು ಅವನ ಕೈಯಿಂದ ಹಲುಬೆ ಕಿತ್ತುಕೊಂಡಳು. ಎಷ್ಟೋ ದಿನಗಳ ಮೇಲೆ ಅವನೊಡನೆ ಮಾತಾಡಿದಳು.

"ನನ್ನ ಬೆನ್ನ ಹಿಂದೆ ಬನ್ನಿ. ನಾನು ಬಂದ ಹೆಜ್ಜೆ ಮೇಲೇ ನಡೀರಿ. ಬಾಯಿ ಮುಚ್ಕೊಂಡು."

ಬಂಡೆಯ ಬುಡದಿಂದ ಹಲುಬೆ ಇಳಿಯಿತು. ಅವಳು ಎಳೆಯುತ್ತ ಹಿಂದಕ್ಕೆ ಸರಿದಂತೆ, ಅವಳ ಬೆನ್ನಿಗೆ ಬೆನ್ನು ಕೊಟ್ಟು ಅವನು ದಡದ ಕಡೆ ಮುಖ ಮಾಡಿ ನಡೆದ. ಇಬ್ಬರ ಹೆಜ್ಜೆಗಳೂ ಹಲುಬೆಯ ಹಲ್ಲಿಗೆ ಸಿಕ್ಕು ಮಾಯವಾದವು. ಅವಳು ಹಳೆಯ ಸುತ್ತುಗಳನ್ನು ಕೂಡಿಸುವ ಗೋಜಿಗೆ ಹೋಗಲಿಲ್ಲ. ಬಂಡೆಯಿಂದ ದಡದವರೆಗೆ ಒಂದು ಹರಿವನ್ನು ಬಿಟ್ಟಳು. ಸುತ್ತು ಅಲೆಗಳ ನಡುವೆ ಅದು ಬಳುಕಿ, ಅಲ್ಲಲ್ಲಿ ಅಗಲವಾಗಿ, ದ್ವೀಪದಿಂದ ಯಾರೋ ದೋಣಿಯಲ್ಲಿ ಹೊರಟು ಬಂದ ದಾರಿಯ ಹಾಗೆ ದಡ ಮುಟ್ಟಿತು. ಅವನಿಗೆ ಅದು ಕಾಣಿಸಲಿಲ್ಲ. ಬೆನ್ನ ಹಿಂದೆ ಜಲ್ಲಿಯ ಸದ್ದು ಮಾತ್ರ ಕೇಳಿಸುತ್ತಿತ್ತು, ಒಂದೇ ಸಮನೆ, ಎಲ್ಲೂ ತಡವರಿಸದೆ.

ಹಾಸುಗಲ್ಲಿನ ಮೇಲೆ ಕಾಲಿಟ್ಟು ತಿರುಗಿ ನೋಡಿದಾಗ ಅವನಿಗೆ ತನ್ನ ಅಲೆಗಳು ಅಂಗಡಿಯ ನೆಲದ ಮೇಲೆ ಬಿದ್ದ ಕೂದಲಿನಂತೆ ಕಂಡವು.

ಅಜ್ಜಿ ಆ ಹರಿವಿನ ಉದ್ದಕ್ಕೂ ಕಣ್ಣು ಹಾಯಿಸಿ, ಹೆಂಡತಿಯ ಕಡೆ ತಿರುಗಿ ಏನೋ ಕೇಳಿದರು.

"ಈ ಕೈಗೆ ಕಲಿಸಿದ್ದು ಯಾರು ಅಂತ ಕೇಳ್ತಿದ್ದಾರೆ," ಎಂದಳು ದುಭಾಷಿ.

ಹೆಂಡತಿ ಬಾಯಿ ತೆರೆಯುವ ಮೊದಲೇ ಮೇಲ್ವಿಚಾರಕ ಮುಂದೆ ಬಂದ. "ಗಂಡನೇ ಕಲಿಸಿದ್ದು ಮೇಡಂ. ಗೆರೆ ಎಲ್ಲಾ ಅವನದೇ, ಇವಳು ಬರೀ ಹಿಡಿಕೆ ಹಿಡಿಯೋದು. ನಾಲ್ಕು ಜನರ ಮುಂದೆ ಅವನೇ ಹೇಳಿದ್ದಾನೆ. ಅವನಿಗೆ ಅಂಗಡಿ ಇದೆ, ಹುದ್ದೆ ಬೇಡ. ನಾವೇ ಬೇರೆ ಯಾರನ್ನಾದ್ರೂ ನೋಡ್ಕೋತೀವಿ. ಏನಯ್ಯಾ, ಹೌದು ತಾನೇ?"

ಎಲ್ಲರ ಕಣ್ಣು ಫಿರಂಗಿಯ ಮೇಲೆ. ಸೇತುವೆಯ ಮೇಲೆ ಬೆಂಚಿಗೆ ಬೆಂಚೇ ಕತ್ತು ಚಾಚಿತ್ತು. ಈಗ ಅವನು ಒಣನೆಲದ ಮೇಲಿದ್ದ. ಹೌದು ಎಂದುಬಿಟ್ಟರೆ ಬಂಡೆಯ ಮೇಲೆ ಕೊಕ್ಕರೆಯಾದದ್ದೂ ವಿದ್ಯೆಯಾಗಿಬಿಡುತ್ತಿತ್ತು. ಹೆಂಡತಿ ಅವನನ್ನು ನೋಡಲಿಲ್ಲ. ಹಲುಬೆಯ ಹಲ್ಲುಗಳ ನಡುವೆ ಸಿಕ್ಕಿದ್ದ ಜಲ್ಲಿಯನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಉಗುರುಗಳು ಸವೆದು ಗುಂಡಗಾಗಿದ್ದವು. ದಿನಾ ಊಟ ಬಡಿಸುವ ಕೈ, ಅವನು ಇವತ್ತಿನವರೆಗೂ ನೋಡಿರಲಿಲ್ಲ. ಬಿದಿರಿನ ಕೊಳವೆ ತುಂಬುತ್ತಿತ್ತು, ತುಂಬುತ್ತಲೇ ಇತ್ತು.

"ಅಲ್ಲ ಸಾರ್. ನಾನು ಸುಳ್ಳು ಹೇಳ್ದೆ," ಎಂದ.

ಸೇತುವೆಯ ಕಡೆಗೂ ತಿರುಗಿ, ಅಲ್ಲಿಗೂ ಕೇಳಿಸುವ ಹಾಗೆ ಹೇಳಿದ: "ಇವತ್ತಿಗೆ ಮುಂಚೆ ನಾನು ಈ ಹಲುಬೆ ಮುಟ್ಟಿದವನೇ ಅಲ್ಲ. ನಿನ್ನೆದು, ಮೊನ್ನೆದು, ನೀವೆಲ್ಲ ಹೊಗಳಿದ್ದು, ಎಲ್ಲಾ ಇವಳದೇ. ಇವಳಿಗೆ ಯಾರೂ ಕಲಿಸಿಲ್ಲ. ಕಲಿಸ್ತೀನಿ ಅಂತ ಇವಳು ಬಂದಾಗ ನಾನು ಕೇಳಲಿಲ್ಲ."

ದುಭಾಷಿ ಅದನ್ನು ದಾಟಿಸಿದಳು. ಅಜ್ಜಿ ಹೆಂಡತಿಯ ಮುಂದೆ ಹೋಗಿ ಸೊಂಟದಿಂದ ಬಾಗಿದರು, ನಿಧಾನವಾಗಿ, ಆಳವಾಗಿ. ಆಮೇಲೆ ಮೇಲ್ವಿಚಾರಕನ ಕಡೆ ತಿರುಗಿ ಹೇಳಿದ್ದು ಬಹಳ ಚಿಕ್ಕ ಮಾತು. ಈ ಸಮುದ್ರ ಇನ್ನು ಇವರದೇ ಎಂದು ಬರೆದುಕೊಳ್ಳಿ ಎಂದಳು ದುಭಾಷಿ. ಮೇಲ್ವಿಚಾರಕ ಇಂಗು ತಿಂದ ಮಂಗನಂತೆ ನಿಂತು, ಸರಿ ಮೇಡಂ ಎಂದ.

ಹೊರಡುವ ಮುಂಚೆ ಅಜ್ಜಿ ಫಿರಂಗಿಯ ಎದುರು ನಿಂತು ಇನ್ನೊಂದು ಪ್ರಶ್ನೆ ಹಾಕಿದರು. ಹಾಗಾದರೆ ಇವತ್ತು ತಾವು ಮಾಡಿದ್ದೇನು ಎಂದು.

ಅವನ ನಾಲಿಗೆ ಹಳೆಯ ಚಾಳಿಯಂತೆ ಮೇಲೆದ್ದಿತು. ಸಮುದ್ರಕ್ಕೆ ತಲೆ ಬಾಚಿದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಒಬ್ಬ ಎಂಬ ಮಾತು ತುಟಿಯವರೆಗೆ ಬಂದಿತ್ತು. ಹೆಂಡತಿ ಹಲುಬೆಯಿಂದ ಕಣ್ಣೆತ್ತಿ ಅವನನ್ನೇ ನೋಡುತ್ತಿದ್ದಳು.

"ನಾನಾ?" ಎಂದ. "ನಾನು ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡೆ, ಅಷ್ಟೆ. ಬಿಡಿಸಿದ್ದು ಇವಳು."