ಬೊಗಸೆಯಲ್ಲಿ ಉಳಿದ ಅಕ್ಕಿ

ಗಂಟು ಕಟ್ಟುತ್ತಿದ್ದಾಳೆ ಟಿವಿಯೊಳಗಿನ ಆ ಕೊರಿಯಾದ ಮುದುಕಿ, ಗುಲಾಬಿ ಬಟ್ಟೆ, ಡಬ್ಬದ ಮೇಲೆ ಡಬ್ಬ, ಮಗಳು ಆಗಲೇ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಳೆ — ಓ ಮಡ್ಲಕ್ಕಿ, ಅಂದುಬಿಟ್ಟೆ, ನನ್ನ ಬಾಯಿ ಸುಮ್ಮನಿರಬೇಕಲ್ಲ, ಪಿಜಿ ಹುಡುಗಿಯರೆಲ್ಲ ನಕ್ಕರು, ಅಯ್ಯೋ ಶೋಭಾ ಆಂಟಿ, ಅದು ಉಪ್ಪಿನಕಾಯಿ, ಎಲೆಕೋಸಲ್ಲಿ ಮಾಡ್ತಾರೆ, ಅಂದಳು ಸಮನ್ವಿತಾ, ನಗಲಿ ಬಿಡು, ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ನನಗೆ ಬಾರದು, ತಾಯಿ ಮಗಳಿಗೆ ಕಟ್ಟಿಕೊಡುವ ಗಂಟೂ ಗೊತ್ತಿಲ್ಲವೇ, ನಮ್ಮ ರಾಗಿಹೊಲ ಇದ್ದಲ್ಲೇ ಈ ಪಿಜಿ ಎದ್ದಿದೆ, ನಾಲ್ಕು ಮಹಡಿ, ಅರವತ್ತು ಹೆಣ್ಣುಮಕ್ಕಳು, ಎಲ್ಲರಿಗೂ ನಾನು ಆಂಟಿ, ಅಮ್ಮ ಅನ್ನುವ ಮಗಳು ಅತ್ತಿಬೆಲೆಯಲ್ಲಿದ್ದಾಳೆ, ಮೂರು ವರ್ಷವಾಯಿತು, ಈ ಕಡೆ ತಲೆ ಹಾಕಿಲ್ಲ.

ದಿವ್ಯಾ, ಬಂದು ಒಂದು ಸೈನ್ ಆಕ್ಬುಟ್ಟು ಓಗಮ್ಮ, ಅವತ್ತು ಹಬ್ಬಕ್ಕೆ ಕರೆದ ಹಾಗೆ ಕರೆದಿದ್ದೆ, ಹೊಲದಲ್ಲಿ ತನ್ನ ಪಾಲು ಬೇಡವೆಂದು ಬರೆದುಕೊಟ್ಟರೆ ಎಲ್ಲ ದೀಪುವಿನ ಹೆಸರಿಗೆ, ಅವನು ಗಂಡುಮಗ, ನಾನೂ ನನ್ನ ತಮ್ಮನಿಗೆ ಹೀಗೇ ಬರೆದುಕೊಟ್ಟವಳು, ಸೀರೆ ಉಡಿಸಿ ಮಡಿಲು ತುಂಬಿ ಕಳಿಸಿದರಾಯಿತು ಅಂದುಕೊಂಡೆ, ಎಂಥ ಪೆದ್ದಿ ನಾನು, ರಿಜಿಸ್ಟ್ರಾರ್ ಆಫೀಸಿನಲ್ಲಿ ಅವಳು ಓದಲೂ ಇಲ್ಲ, ತೋರಿಸಿದಲ್ಲೆಲ್ಲ ಸೈನ್ ಹಾಕಿದಳು, ಮನೆಗೆ ಬಂದು ಮೊರದಲ್ಲಿ ಅಕ್ಕಿ, ಬೆಲ್ಲ, ತೆಂಗಿನಕಾಯಿ ಇಟ್ಟು, ಬೊಗಸೆ ತುಂಬ ಅಕ್ಕಿ ಎತ್ತಿಕೊಂಡು, ಸೆರಗು ಒಡ್ಡೇ ಅಂದೆ — ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬರ್ತೀನಮ್ಮ, ಅಂದು ಮೆಟ್ಟಿಲಿಳಿದು ಹೋದಳು, ಅಕ್ಕಿ ನನ್ನ ಬೊಗಸೆಯಲ್ಲೇ ಇತ್ತು.

ಸಿನಿಮಾದ ಮಗಳು ಬಸ್ಸಿನಲ್ಲಿ ಗಂಟಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಾಳೆ, ಹುಡುಗಿಯರೂ ಮೂಗು ಒರೆಸಿಕೊಳ್ಳುತ್ತಿದ್ದಾರೆ, ಆಂಟಿನೂ ಅಳ್ತಿದಾರೆ ನೋಡ್ರೇ, ಅಳದೆ ಏನು ಮಾಡಲಿ, ಆ ಹುಡುಗಿ ಗಂಟನ್ನಾದರೂ ತೆಗೆದುಕೊಂಡು ಹೋದಳಲ್ಲ, ಈ ತುಂಬಿದ ಮನೆಯಲ್ಲಿ ನಾನು ಒಬ್ಬಳೇ, ಒಬ್ಬಳೇ — ಎದ್ದು ಮೆಟ್ಟಿಲ ಹತ್ತಿರ ಬಂದೆ, ಹೊರಗೆ ಸುಡುವ ಬಿಸಿಲು, ದಿವ್ಯಾಳ ನಂಬರು ಒತ್ತಿದೆ, ಆ ದಿನದ ಮೇಲೆ ಎರಡೇ ಸಲ ಒತ್ತಿದ್ದು, ಹೊಲದ ಖಾತೆ ಬದಲಾಯಿಸೋಕೆ ಒಂದು ಸೈನ್ ಬೇಕಿತ್ತು, ಬ್ಯಾಂಕಿಗೆ ಇನ್ನೊಂದು, ಈಗ ಬಾ ಅನ್ನಬೇಕು, ಸುಮ್ಮನೆ ಬಾ, ಊಟಕ್ಕೆ ಬಾ, ಎತ್ತುತ್ತಾಳೋ ಇಲ್ಲವೋ, ಎತ್ತಿದಳು, ನನ್ನ ದಿವ್ಯಾ, ಅದೇ ದನಿ, ಹೇಳಮ್ಮ, ಇನ್ನೆಲ್ಲಿ ಸೈನ್ ಹಾಕ್ಬೇಕು — ಇಲ್ಲ ಕಣೇ, ಅನ್ನಬೇಕು, ಅಮ್ಮಾ, ಹೇಳು, ಎಲ್ಲಿ, ಅನ್ನುತ್ತಿದ್ದಾಳೆ, ಕಣ್ಣಲ್ಲಿ ಅವತ್ತಿನ ಬೊಗಸೆ, ಅಕ್ಕಿ ತುಂಬಿದ ಬೊಗಸೆ, ಎದುರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡ ಸೆರಗು