ಐದನೆಯ ಶೀಲಕ್ಕೆ ಮೌನ

ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಬುಡದಲ್ಲಿ ಸಾಬಣ್ಣನ ಓಣಿ. ಅಲ್ಲಿನ ಪುಟ್ಟ ಬುದ್ಧವಿಹಾರದಲ್ಲಿ ಪ್ರತಿ ರವಿವಾರ ಪಂಚಶೀಲ ಹೇಳಿಸುವವನು ಅವನೇ. ಅವನೊಂದು ಶೀಲ ಹೇಳಿದರೆ ಉಳಿದವರು ಹಿಂದೆ ಹೇಳಬೇಕು. ಐದನೆಯದು, ಅಮಲಿನ ಪದಾರ್ಥ ಮುಟ್ಟುವುದಿಲ್ಲ ಎಂಬುದು. ಆ ವಾರ ಕುಡಿದವನು ಅದೊಂದನ್ನು ಹೇಳದೆ ಸುಮ್ಮನೆ ಕೂರುವುದು ಓಣಿಯ ರೂಢಿ. ಬೈಗುಳವಿಲ್ಲ, ದಂಡವಿಲ್ಲ. ಪಕ್ಕದಲ್ಲಿ ಕೂತ ಹೆಂಡತಿ ಮಕ್ಕಳಿಗೆ ಆ ಮೌನ ಕೇಳುತ್ತಿತ್ತು, ಅಷ್ಟೇ. ಆ ನಾಚಿಕೆಗೇ ಎಷ್ಟೋ ಗಂಡಸರು ಕುಡಿತ ಬಿಟ್ಟಿದ್ದರು. ಸಾಬಣ್ಣನೂ ಹರೆಯದಲ್ಲಿ ಹನ್ನೊಂದು ರವಿವಾರ ಹಾಗೆ ತಲೆ ತಗ್ಗಿಸಿ ಕೂತವನು.

ಬೆಟ್ಟ ನೋಡಲು ದೂರದ ಕಾರುಗಳು ಬರತೊಡಗಿದ ಮೇಲೆ ಓಣಿಯಲ್ಲಿ ಬಾಡಿಗೆ ಕೋಣೆಗಳೆದ್ದವು. ಕೋಣೆಯ ಹಿಂದೆ ಫ್ರಿಜ್ಜು, ಫ್ರಿಜ್ಜಿನಲ್ಲಿ ಬಿಯರು. ಸೊಸೆ ಭಾಗ್ಯಳೂ ತಂದಿಟ್ಟಳು.

"ಯವ್ವಾ, ನಮ್ಮ ಮನ್ಯಾಗ ಇದು ಬ್ಯಾಡ."

"ನಾವೇನ್ ಕುಡಿತೀವೇನ್ ಮಾಮಾ? ಇಲ್ಲಂದ್ರ ಬಂದವ್ರು ಬಾಜೂ ಶೇಖಮ್ಮನ ಮನಿಗಿ ಹೋಗ್ತಾರ. ನಿಮ್ಮ ಮಗಾ ಕಡೇಚೂರ ಫ್ಯಾಕ್ಟರಿ ಬಿಟ್ಟು ಮನಿಗಿ ಬರಬೇಕೋ ಬ್ಯಾಡೋ? ಈ ಕೋಣಿ ನಡದ್ರ ಬರ್ತಾನ."

ಶೀಲದಲ್ಲಿ ಕುಡಿಯುವ ಮಾತಿತ್ತು. ಕುಡಿಸುವುದರ ಬಗ್ಗೆ ಸಾಬಣ್ಣನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಶನಿವಾರ ಮಧ್ಯಾಹ್ನ ಭಾಗ್ಯ ಒಲೆಯ ಮುಂದಿದ್ದಳು. ಅಂಗಳದಿಂದ ಅತಿಥಿಯೊಬ್ಬ ಕೂಗಿದ: "ಅಜ್ಜಾ, ಇನ್ನೆರಡು ತಣ್ಣಂದು ತರ್ರಿ."

ಸಾಬಣ್ಣ ತಂದ. ಮುಚ್ಚಳವನ್ನೂ ಬೆಂಚಿನ ಅಂಚಿಗೆ ಹಚ್ಚಿ ಒಂದೇ ಏಟಿಗೆ ಹಾರಿಸಿದ.

"ಅಬಾಬಾ, ಪಳಗಿದ ಕೈ ಅದ ಅಜ್ಜಂದು!" ಎಂದು ಅವರೆಲ್ಲ ನಕ್ಕರು. ಸಾಬಣ್ಣನೂ ನಕ್ಕ. ಒಳಗೆ ಬಂದ ಮೇಲೆ ಬಹಳ ಹೊತ್ತು ಕೈ ತೊಳೆದ.

ಮರುದಿನ ವಿಹಾರ ತುಂಬಿತ್ತು. ನಾಲ್ಕು ಶೀಲ ಹೇಳಿಸಿ ಸಾಬಣ್ಣ ಸುಮ್ಮನಾದ. ಜನ ಕಾದರು.

"ಮರ್ತಾನ ಮುದುಕ," ಎಂದಳು ಶೇಖಮ್ಮ.

"ಮರ್ತಿಲ್ಲಬೇ. ನಿನ್ನಿ ಈ ಕೈಲೇ ಕುಡಿಸೀನಿ. ಫ್ರಿಜ್ಜು ನಿಮ್ಮನ್ಯಾಗೂ ಅದ. ಐದನೇದು ಹೇಳಾಕ ಇಲ್ಲಿ ಯಾರ ಬಾಯಿ ಏಳ್ತದ, ನೋಡೂಣು."

ಒಂದೊಂದಾಗಿ ತಲೆಗಳು ತಗ್ಗಿದವು. ಅಷ್ಟರಲ್ಲಿ ಹೊರಗೆ ಕಾರೊಂದು ನಿಂತು ಹಾರ್ನ್ ಹೊಡೆಯಿತು. ಭಾಗ್ಯ ಎದ್ದು ನಿಂತು, ಕೈ ಮುಗಿದು, ಐದನೆಯದನ್ನು ಸರಸರ ಹೇಳಿದಳು. ಇಡೀ ವಿಹಾರ ಒಂದೇ ದನಿಯಲ್ಲಿ ಅವಳ ಹಿಂದೆ ಹೇಳಿತು. ಅಷ್ಟು ಜೋರಾಗಿ ಎಂದೂ ಹೇಳಿರಲಿಲ್ಲ.

"ಮಾಮಾಗ ವಯಸ್ಸಾಗ್ಯಾದ," ಎಂದಳು ಚಪ್ಪಲಿ ಮೆಟ್ಟುತ್ತ. "ಮುಂದಿನ ವಾರದಿಂದ ನಾ ಹೇಳಿಸ್ತೀನಿ."

ಯಾರೂ ಬೇಡವೆನ್ನಲಿಲ್ಲ.