ಹಿಡಿಕೆ ತಿರುಗಿಸುವ ಸರದಿ

ಕಿಡಿ ಹಾರಿದ ಮೇಲೆ ಗಾಳಿಯಲ್ಲಿ ಒಂದು ವಾಸನೆ ಉಳಿಯುತ್ತದೆ. ಅದಕ್ಕೆ ಓಝೋನ್ ಎನ್ನುತ್ತಾರೆಂದು ಕಾಲೇಜಿನಲ್ಲಿ ಕಲಿತೆ. ಎಂಟು ವರ್ಷದವಳಾಗಿದ್ದಾಗ ನನಗೆ ಅದು ಅಪ್ಪನ ಅಂಗಿಯ ವಾಸನೆ, ಅಷ್ಟೆ. ಅಪ್ಪ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅಟೆಂಡರ್. ಅಲ್ಲೊಂದು ಯಂತ್ರವಿತ್ತು: ಎದುರುಬದುರಾಗಿ ಎರಡು ಗಾಜಿನ ತಟ್ಟೆಗಳು, ತಿರುಗಿಸಲು ಒಂದು ಹಿಡಿಕೆ, ಮುಂದೆ ಎರಡು ಹಿತ್ತಾಳೆಯ ಗುಂಡುಗಳು. ಹಿಡಿಕೆ ತಿರುಗಿಸಿದರೆ ಗುಂಡುಗಳ ನಡುವೆ ನೀಲಿ ಕಿಡಿ ಚಟ್ಟೆಂದು ಹಾರುತ್ತಿತ್ತು. ಅಪ್ಪ ಪಕ್ಕದಲ್ಲಿ ಬಲ್ಬು ಉರಿಸಿ ಗಾಜನ್ನು ಬೆಚ್ಚಗೆ ಮಾಡಿ, ಒಣಬಟ್ಟೆಯಲ್ಲಿ ಒರೆಸಿ, ಹಿಂದಕ್ಕೆ ಸರಿಯುತ್ತಿದ್ದರು. ತರಗತಿಯ ಎದುರು ಹಿಡಿಕೆ ತಿರುಗಿಸುತ್ತಿದ್ದವರು ಮೇಷ್ಟ್ರು.

ಅದೇ ಕಾಲೇಜಿಗೆ ನಾನು ಬಿ.ಎಸ್ಸಿ.ಗೆ ಸೇರಿದೆ. ಕೊನೆಯ ವರ್ಷದ ವಿಜ್ಞಾನ ಪ್ರದರ್ಶನದಲ್ಲಿ ಆ ಯಂತ್ರ ನನ್ನ ಪಾಲಿಗೆ ಬಂತು. ಒಂದು ತಿಂಗಳು ಅಭ್ಯಾಸ ಮಾಡಿದೆ. ಮುಂದಿನ ಸಾಲಿನಲ್ಲೇ ಕೂರುತ್ತೇನೆಂದು ಅಪ್ಪ ಹೊಸ ಅಂಗಿ ಹೊಲಿಸಿಕೊಂಡರು. ಹಿಂದಿನ ದಿನ ಮೇಷ್ಟ್ರು, ಹುಡುಗಿಯ ದನಿ ಅಷ್ಟು ದೊಡ್ಡ ಸಭಾಂಗಣಕ್ಕೆ ಸಾಲದು ಎಂದು ನನ್ನ ಸಹಪಾಠಿಯೊಬ್ಬನಿಗೆ ಅದನ್ನು ಒಪ್ಪಿಸಿಬಿಟ್ಟರು. ನನ್ನ ಅಕ್ಷರ ದುಂಡಗಿದೆಯಂತೆ, ಹೆಸರಿನ ಚೀಟಿಗಳನ್ನು ಬರೆಯಬೇಕಂತೆ. ಅಪ್ಪ ಅಲ್ಲೇ ಗಾಜು ಒರೆಸುತ್ತಿದ್ದರು. ಬಾಯಿಬಿಡುವ ಹಾಗಿರಲಿಲ್ಲ, ಅವರ ಕೆಲಸ ಮೇಷ್ಟರ ಕೈಯಲ್ಲಿತ್ತು. ಮನೆಗೆ ಬರುವ ದಾರಿಯಲ್ಲಿ ಎರಡು ಸಲ ಸುಮ್ಮನೆ ಕೆಮ್ಮಿದರು.

ಆಮೇಲೆ ಅಂಚೆ ಕಚೇರಿಯ ಕೆಲಸ, ಮದುವೆ, ಮಕ್ಕಳು, ಮೊಮ್ಮಕ್ಕಳು. ಅಪ್ಪ ಹೋಗಿ ಮೂವತ್ತು ವರ್ಷವಾಯಿತು. ಜನರೆದುರು ಒಂದೇ ಒಂದು ಸಲ ಆ ಹಿಡಿಕೆ ತಿರುಗಿಸಬೇಕೆಂಬ ಆಸೆ ಮಾತ್ರ ಬಿಟ್ಟುಹೋಗಲಿಲ್ಲ.

ಕಳೆದ ಭಾನುವಾರ ನಮ್ಮ ಬೀದಿಯ ಗ್ರಂಥಾಲಯಕ್ಕೆ ವಿಶ್ವವಿದ್ಯಾಲಯದ ಆರು ಮಂದಿ ವಿದ್ಯಾರ್ಥಿಗಳು ಬಂದಿದ್ದರು. ರಜೆಯ ದಿನ ಊರೂರು ಸುತ್ತಿ ಜನರಿಗೆ ಭೌತಶಾಸ್ತ್ರ ತೋರಿಸುವುದು ಅವರು ತಾವಾಗಿ ಹಚ್ಚಿಕೊಂಡ ಕೆಲಸ. ಮುಂದಾಳು ಹುಡುಗನನ್ನು ಉಳಿದವರು ಕ್ಯಾಪ್ಟನ್ ಎನ್ನುತ್ತಿದ್ದರು. ಕನ್ನಡಕದ ಹುಡುಗಿಯೊಬ್ಬಳು ನನ್ನ ಮಂಡಿಯ ಪಾಡು ನೋಡಿ, ಎಲ್ಲಿಂದಲೋ ಕೈಯಿರುವ ಕುರ್ಚಿ ಹುಡುಕಿ ತಂದು ಮುಂದಿನ ಸಾಲಿನಲ್ಲಿ ಹಾಕಿದಳು.

ಕೂದಲು ಒಣಗಿಸುವ ಡ್ರೈಯರ್‌ನ ಗಾಳಿಯ ಮೇಲೆ ಚೆಂಡು ತೇಲಿಸಿದರು. ಮಕ್ಕಳನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಸುತ್ತಿಸಿದರು. ಕೊನೆಗೆ ಬಟ್ಟೆ ಸರಿಸಿದರು. ಅದೇ ಯಂತ್ರ, ಅಪ್ಪ ಒರೆಸುತ್ತಿದ್ದಂಥದೇ. ನಾನು ಕುರ್ಚಿಯ ಅಂಚಿಗೆ ಸರಿದು ಕೂತೆ.

ಹಿಡಿಕೆ ಹಿಡಿದವಳು ಕನ್ನಡಕದ ಹುಡುಗಿ. ಅವಳು ಜನರೆದುರು ಪ್ರಯೋಗ ಮಾಡುತ್ತಿರುವುದು ಇದೇ ಮೊದಲು ಎಂದು ಕ್ಯಾಪ್ಟನ್ ಹೇಳಿದ. ದೀಪ ಆರಿಸಿದರು. ಅವಳು ತಿರುಗಿಸಿದಳು, ಜೋರಾಗಿ ತಿರುಗಿಸಿದಳು. ಕಿಡಿ ಬರಲಿಲ್ಲ. ಹಿಂದಿನಿಂದ ಯಾರೋ, ಮಿಂಚು ರಜೆ ಹಾಕಿದೆಯಾ ಎಂದು ಕೇಳಿದರು. ಎಲ್ಲರೂ ನಕ್ಕರು. ಹುಡುಗಿಯ ಕುತ್ತಿಗೆ ಕೆಂಪಾಯಿತು.

ತಪ್ಪು ಎಲ್ಲಿದೆಯೆಂದು ನನಗೆ ತಿಳಿದಿತ್ತು. ಕಿಡಿ ಕತ್ತಲಲ್ಲಿ ಚೆನ್ನಾಗಿ ಕಾಣಲೆಂದು ಅವರು ಒಂದು ಗಂಟೆ ಮೊದಲೇ ಕಿಟಕಿಗಳನ್ನೆಲ್ಲ ಮುಚ್ಚಿ ಕಪ್ಪು ಪರದೆ ಎಳೆದಿದ್ದರು. ಒಳಗೆ ನೂರು ಜನ. ನಾನು ಎದ್ದು ಹೋದೆ.

"ಕಿಟಕಿ ತೆಗೀರಪ್ಪ. ಇಷ್ಟು ಜನರ ಉಸಿರಿನ ಪಸೆ ಆ ಗಾಜಿನ ಮೇಲೆ ಕೂತಿದೆ. ಹುಟ್ಟಿದ ವಿದ್ಯುತ್ತೆಲ್ಲ ಅಲ್ಲೇ ಸೋರಿಹೋಗುತ್ತೆ."

"ಕಿಟಕಿ ತೆಗೆದ್ರೆ ಕಿಡಿ ಕಾಣಲ್ಲ ಅಜ್ಜಿ," ಎಂದ ಕ್ಯಾಪ್ಟನ್.

"ಈಗೇನು ಕಾಣ್ತಾ ಇದೆ?"

ಅವನೂ ನಕ್ಕುಬಿಟ್ಟ. ಕಿಟಕಿಗಳು ತೆರೆದವು. ಈಗಿನ ಬಲ್ಬುಗಳಲ್ಲಿ ಕಾವೇ ಇಲ್ಲವಲ್ಲ, ಚೆಂಡು ತೇಲಿಸಿದ ಡ್ರೈಯರನ್ನೇ ಕೇಳಿದೆ. ಬಿಸಿಗಾಳಿ ಹಾಯಿಸುತ್ತ, ಒಣಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಗಾಜು ಒರೆಸಿದೆ. ಕೈ ಏನನ್ನೂ ಮರೆತಿರಲಿಲ್ಲ. ಕ್ಯಾಪ್ಟನ್ ಬೆರಗಿನಿಂದ ನೋಡಿ, ಸಭೆಗೆ ಕೇಳುವಂತೆ, ಇನ್ನು ಅಜ್ಜಿಯೇ ತಿರುಗಿಸಲಿ ಎಂದ. ಚಪ್ಪಾಳೆ ಬಿತ್ತು.

ಹಿಡಿಕೆ ಒಂದು ಗೇಣು ದೂರದಲ್ಲಿತ್ತು. ನಾನು ಕೈ ಚಾಚಿದೆ, ಸುಳ್ಳು ಹೇಳುವುದಿಲ್ಲ.

ಹುಡುಗಿ ಆಗಲೇ ಎರಡು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಗುಮುಖ ಮಾಡಿ ನಿಂತಿದ್ದಳು. ಆ ನಗು ಎಷ್ಟು ಭಾರವೆಂದು ನನಗೆ ಗೊತ್ತು.

"ನೀನು ಎಷ್ಟು ದಿನ ಅಭ್ಯಾಸ ಮಾಡಿದೆ ಮಗಳೇ?" ಎಂದೆ.

"ಒಂದು ತಿಂಗಳು ಅಜ್ಜಿ."

"ಹಾಗಾದ್ರೆ ಬಾ. ಗಟ್ಟಿಯಾಗಿ ಮಾತಾಡು, ಕೊನೆ ಸಾಲಿಗೂ ಕೇಳಿಸ್ಬೇಕು."

ಬಟ್ಟೆಯನ್ನು ಮಡಚಿಟ್ಟು ಬಂದು ಕೂತೆ. ಅವಳು ತಿರುಗಿಸಿದಳು. ಪರದೆಗಳ ಸಂದಿಯ ಬೆಳಕಿನಲ್ಲೂ ಕಿಡಿ ಕಂಡಿತು, ಒಂದಾದ ಮೇಲೊಂದು. ಅವಳ ದನಿ ಎಲ್ಲರಿಗೂ ಕೇಳಿಸಿತು. ಅಪ್ಪ ಆ ದಿನ ಹೀಗೇ, ಮುಂದಿನ ಸಾಲಿನ ಇಂಥ ಕುರ್ಚಿಯಲ್ಲೇ ಕೂರಬೇಕಾಗಿತ್ತು. ನಾನು ಅವರ ಪರವಾಗಿಯೂ ಕಣ್ಣು ಮಿಟುಕಿಸದೆ ನೋಡಿದೆ.

ಜನ ಕರಗಿದ ಮೇಲೆ, ಯಾರೂ ಇಲ್ಲದಾಗ ಒಂದು ಸುತ್ತು ತಿರುಗಿಸಲೇ ಎಂದು ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಕ್ಯಾಪ್ಟನ್ ಹಿಡಿಕೆ ಬಿಚ್ಚಿ ಚೀಲಕ್ಕೆ ಹಾಕಿದ್ದ. ಗಾಜು ಪೆಟ್ಟಿಗೆ ಸೇರಿತ್ತು. ಅವರು ಸಂಜೆಯೊಳಗೆ ಇನ್ನೊಂದು ಊರು ಮುಟ್ಟಬೇಕಿತ್ತು. ಕೇಳಲಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಮಂಡಿ ನೀವಿಕೊಳ್ಳುತ್ತ ಕೂತೆ. ಅಂಗೈ ಇನ್ನೂ ಏನನ್ನೋ ಹಿಡಿಯಲು ಹೊರಟಂತೆ ಬಾಗಿಕೊಂಡಿತ್ತು.

ಒಳಗೆ ಕ್ಯಾಪ್ಟನ್ ಊಟ ಹಂಚುತ್ತಿದ್ದ. ಪೊಟ್ಟಣಗಳು ಸ್ವಯಂಸೇವಕರಿಗೆ ಮಾತ್ರ, ತಲೆಗೊಂದು ಎಂದು ಯಾರಿಗೋ ಗದರಿಸುತ್ತಿದ್ದುದು ಕೇಳಿಸಿತು. ಕನ್ನಡಕದ ಹುಡುಗಿ ಹೊರಗೆ ಬಂದು ನನ್ನ ಪಕ್ಕದಲ್ಲಿ ಕೂತಳು. ಬಾಗಿಕೊಂಡಿದ್ದ ನನ್ನ ಅಂಗೈಯನ್ನು ಬಿಡಿಸಿ, ಬಿಸಿ ಆರದ ಒಂದು ಪೊಟ್ಟಣವನ್ನು ಅದರ ಮೇಲೆ ಇಟ್ಟಳು.